ಕುರಿ ಬಿಟ್ಟು ಮೋಟಾರು ಹಿಡಿದದ್ದು

ಮೋಟಾರು ಕಲಿಯೋನ ಹಣೇಬರದಾಗ ದಿನಾ ಒಂದು ನಗೆಪಾಟಲು ಬರೆದೇ ಇರ್ತದ ನೋಡ್ರಿ. ಇವತ್ತು ಏನೂ ಆಗಲಿಲ್ಲ ಅಂತ ಸಮಾಧಾನ ಮಾಡಿಕೊಂಡ್ರ ನಾಳಿ ಎರಡು ಆಗ್ತಾವ. ನಾ ಕಲಿತ ಕಥಿ ಹೇಳಾಕ ಕುಂತ್ರ ನಮ್ಮ ಮೊಮ್ಮಕ್ಕಳು ಹೊಟ್ಟಿ ಹಿಡ್ಕೊಂಡು ಉಳ್ಳಾಡ್ತಾವ. ನಾನೂ ನಗ್ತೀನಿ. ನಕ್ಕು ಮುಗಿದ ಮ್ಯಾಲ ಎದ್ದು ಹೊರಗ ಕಟ್ಟಿ ಮ್ಯಾಲ ಒಬ್ಬನೇ ಹೋಗಿ ಕುಂಡ್ರತೀನಿ. ಯಾಕ ಅಂತ ಅವು ಕೇಳಿಲ್ಲ, ನಾ ಹೇಳಿಲ್ಲ. ಇವತ್ತು ಹೇಳೇಬಿಡ್ತೀನಿ.

ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಆಗಿತ್ತು. ನಿಜಾಮನ ರಾಜ್ಯ ಹೋಗಿ ಇಂಡಿಯಾ ಬಂದಿತ್ತು, ಆದ್ರ ಕಚೇರಿ ಬೋರ್ಡಿನ ಮ್ಯಾಲಿನ ಉರ್ದು ಅಕ್ಷರ ಇನ್ನಾ ಪೂರಾ ಅಳಿಸಿರಲಿಲ್ಲ. ನಾವು ಹತ್ತಿಕುಣಿ ಕಡಿ ಕುರುಬರು. ಆ ಆಕ್ಷನ್ನಿನ ಗದ್ದಲದ ವರ್ಷ ನಮ್ಮ ಹಿಂಡು ಅರ್ಧ ಚದುರಿ ಹೋತು, ಉಳಿದದ್ದು ಬ್ಯಾನಿ ಬಂದು ಸತ್ತಿತು. ನನಗ ಇಪ್ಪತ್ತಾರು ವಯಸ್ಸು, ಹೇಣ್ತಿ, ಎರಡು ಮಕ್ಕಳು, ಕೈಯಾಗ ಒಂದು ಬಡಿಗಿ. ಕೂಲಿ ಹುಡುಕ್ಕೋತ ಶಹಾಪುರಕ್ಕ ಬಂದು ಒಬ್ಬ ವಕೀಲ್ ಸಾಬ್ರ ಮನಿ ಮುಂದ ನಿಂತೆ.

ವಕೀಲ್ ಸಾಬ್ರ ಹಂತ್ಯಾಕ ಒಂದು ಹಳೇ ಮೋಟಾರಿತ್ತು. ಮ್ಯಾಲ ಬಟ್ಟಿ ಟಪ್ಪು, ಮುಂದ ಹ್ಯಾಂಡಲ್ ಹಾಕಿ ತಿರುವಿದ್ರ ಚಾಲೂ ಆಗೋದು. ಅದನ್ನ ನಡೆಸೋರು ಒಬ್ಬ ವಯಸ್ಸಾದ ಮುಸಲ್ಮಾನ ಡ್ರೈವರ್. ಊರೆಲ್ಲಾ ಅವರಿಗೆ ಉಸ್ತಾದ್ ಅಂತಿತ್ತು, ನಾನೂ ಹಂಗೇ ಅಂದೆ. ಅವರ ಹೇಣ್ತಿ ತೀರಿಹೋಗಿದ್ಲು, ಮಗಳು ಹೈದರಾಬಾದಿನಾಗ ಗಂಡನ ಮನ್ಯಾಗ ಇದ್ಲು. ಒಬ್ಬನೇ ಮಗ, ಗದ್ದಲದ ವರ್ಷ "ಈಗ ಬರ್ತೀನಿ ಅಬ್ಬಾ" ಅಂತ ಹೊರಗ ಹೋದಾಂವ ತಿರುಗಿ ಬಂದಿರಲಿಲ್ಲ. ಸತ್ತಾನೋ, ಬದುಕ್ಯಾನೋ, ದೇಶ ದಾಟಿ ಎಲ್ಲಿಗರೆ ಹೋಗ್ಯಾನೋ, ಯಾರಿಗೂ ಗೊತ್ತಿರಲಿಲ್ಲ.

ಮಗಳು ಕಾಗದದ ಮ್ಯಾಲ ಕಾಗದ ಹಾಕ್ತಿದ್ಲು, ನನ್ನ ಹಂತ್ಯಾಕ ಬರ್ರಿ ಅಂತ. "ನಾ ಬಂದ್ರ ವಕೀಲ್ ಸಾಬ್ರ ಮೋಟಾರು ಯಾರು ನಡೆಸಬೇಕು?" ಅಂತ ಉಸ್ತಾದ್ ಜವಾಬು ಬರೀತಿದ್ರು. ಖರೇ ಕಾರಣ ಮೋಟಾರಲ್ಲ. ಮಗ ತಿರುಗಿ ಬಂದ್ರ ಇದೇ ಬಾಗಿಲಿಗೆ ಬರಬೇಕಲ್ಲ, ಅದಕ್ಕ ಆ ಬಾಗಿಲು ಬಿಡಾಕ ಅವರಿಗೆ ಮನಸ್ಸಿರಲಿಲ್ಲ.

ವಕೀಲ್ ಸಾಬ್ರು ನನ್ನ ಕರೆದು ಉಸ್ತಾದರ ಮುಂದ ನಿಲ್ಲಿಸಿದ್ರು. "ಇವನಿಗೆ ಕಲಿಸ್ರಿ. ಇವ ತಯಾರಾದ ದಿನ ನೀವು ಮಗಳ ಮನಿಗೆ ಹೋಗ್ರಿ. ಈ ವಯಸ್ಸಿನಾಗ ಒಬ್ಬರೇ ಇರಬ್ಯಾಡ್ರಿ" ಅಂದ್ರು. ಉಸ್ತಾದ್ ನನ್ನ ಮ್ಯಾಲಿಂದ ಕೆಳಗ ನೋಡಿದ್ರು. ಹೆಗಲ ಮ್ಯಾಲ ಕಂಬಳಿ, ಕೈಯಾಗ ಉಣ್ಣಿ ನೂಲೋ ಕದರು. "ಕಲಿಸ್ತೀನ್ರಿ ಸಾಬ್" ಅಂದ್ರು. ಆಮ್ಯಾಲ ನನ್ನ ಕಿವಿ ಹಂತ್ಯಾಕ ಬಂದು ಮೆತ್ತಗ, "ನಿನ್ನ ನೋಡಿದ್ರ ಹತ್ತು ವರ್ಷ ಹಿಡೀತದ ಬೇಟಾ. ಭಾಳ ಚಲೋ ಆತು" ಅಂದ್ರು.

ಹಿಂದ ನೋಡೋ ರೋಗ

ಶಹಾಪುರದ ಗುಡ್ಡದ ಬುಡಕ ಒಂದು ಬಯಲಿತ್ತು, ಅಲ್ಲಿ ಪಾಠ. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕು. ನನ್ನ ಕಾಲಾಗಿನ ಜೋಡು ನೋಡಿ ಉಸ್ತಾದ್, "ಇದರಿಂದ ಒತ್ತಿದ್ರ ಬ್ರೇಕು ಭೂಮಿಯೊಳಗ ಹೋಗ್ತದ" ಅಂತ ಬಿಚ್ಚಿಸಿದ್ರು. ಮೋಟಾರು ಹೊಂಟಿತು.

ಹತ್ತು ಮಾರು ಹೋದ್ವಿ, ನಾ ಹೊಳ್ಳಿ ಹಿಂದ ನೋಡ್ದೆ. ಮತ್ತ ಹತ್ತು ಮಾರು, ಮತ್ತ ಹೊಳ್ಳಿ ನೋಡ್ದೆ.

"ಹಿಂದ ಏನದ ಲೇ ನಿಂದು?"

"ಏನಿಲ್ರಿ ಉಸ್ತಾದ್. ರೂಢಿ."

ಹಿಂಡಿನ ಮುಂದ ನಡಿಯೋ ಕುರುಬ ಹತ್ತು ಹೆಜ್ಜಿಗೊಮ್ಮಿ ಹಿಂದ ನೋಡಲಿಲ್ಲ ಅಂದ್ರ ಎಳೀ ಮರಿ ಹಿಂದ ಉಳಿದು ತೋಳಕ್ಕ ಸಿಗ್ತದ. ಹುಟ್ಟಿದಾಗಿಂದ ಮಾಡಿದ್ದು, ಒಂದು ದಿನದಾಗ ಹ್ಯಾಂಗ ಬಿಡಬೇಕ್ರಿ? ಮೂರನೇ ಸರ್ತಿ ಹಿಂದ ನೋಡಿ ಮುಂದ ತಿರುಗೋದರಾಗ ಮೋಟಾರು ಜಾಲಿ ಕಂಟಿಯೊಳಗ ಹೊಕ್ಕಿತ್ತು. ಉಸ್ತಾದ್ ತಮ್ಮ ತೋಳಿನಾಗಿನ ಮುಳ್ಳು ಒಂದೊಂದೇ ಕಿತ್ತಿಕೋತ, "ಮರಿಗೋಳು ಎಲ್ಲಾ ಬಂದಾವೇನು? ಎಣಿಸಿ ನೋಡು" ಅಂದ್ರು.

"ಹಿಂದ ತಗೊಳ್ಳೋದು ಹೇಳಿಕೊಡ್ರಿ, ನಾನೇ ತಗೀತೀನಿ" ಅಂದೆ.

"ರಿವರ್ಸ್ ಕಡೀ ಪಾಠ. ಮೊದಲ ಮುಂದ ಹೋಗೋದು ಕಲಿ. ನಿನಗ ಮೊದಲೇ ಹಿಂದ ನೋಡೋ ರೋಗ ಅದ" ಅಂದು ತಾವೇ ಸ್ಟೇರಿಂಗ್ ಮುಂದ ಕುಂತ್ರು. ಗೇರು ಹಾಕ್ಕೋತ, ನನ್ನ ಕಡಿ ನೋಡದೇ ಅಂದ್ರು: "ನನ್ನ ಮಗನಿಗೂ ರಿವರ್ಸ್ ಕಡೀಕ ಅಂತ ಇಟ್ಟಿದ್ದೆ. ಉಳಿದೇಬಿಡ್ತು."

ಅವತ್ತು ನನಗ ತಿಳೀತು, ನಾ ಕುಂತ ಜಾಗಾ ಯಾರದು ಅಂತ.

ಧೂಳು ಬರೋ ಜಾಗಾದಾಗ

ತಿಂಗಳ ಮ್ಯಾಲ ಯಾದಗಿರಿ ರಸ್ತಾಕ್ಕ ಇಳಿದ್ವಿ. ಹಿಂದ ನೋಡೋದು ಬಿಟ್ಟಿದ್ದೆ. ನೋಡಿದಾಗೊಮ್ಮಿ ಉಸ್ತಾದ್ ತಲಿಗಿ ಮೊಟಕ್ತಿದ್ರು, ತಲಿ ತಾನೇ ಬುದ್ಧಿ ಕಲಿತು.

ಅವತ್ತು ರಸ್ತಾದ ತುಂಬ ಕುರಿ. ಹಾರ್ನಿನ ರಬ್ಬರ್ ಹರಿದು ಹೋಗಿತ್ತು, ಒತ್ತಿದ್ರ ಕೆಮ್ಮಿದಂಗ ಸಪ್ಪಳ ಮಾಡ್ತಿತ್ತು. "ನಿಮ್ಮ ಮಂದಿ ಇದ್ದಾರ, ನೀನೇ ಹೇಳಿ ನೋಡು" ಅಂದ್ರು ಉಸ್ತಾದ್. ನಾ ತಲಿ ಹೊರಗ ಹಾಕಿ "ಹುರ್ರ್ರ್... ಹೋಯ್!" ಅಂತ ಕೂಗು ಹಾಕ್ದೆ. ಕುರಿ ಎರಡು ಕಡಿ ಸರಿದು ಹಾದಿ ಬಿಟ್ವು. "ಶಾಬಾಸ್!" ಅಂತ ಉಸ್ತಾದ್ ಬೆನ್ನು ಚಪ್ಪರಿಸಿದ್ರು.

ಶಹಾಪುರಕ್ಕ ಬಂದು ವಕೀಲ್ ಸಾಬ್ರ ಮನಿ ಮುಂದ ನಿಲ್ಲಿಸಿದೆ. ವಕೀಲ್ ಸಾಬ್ರು ಬಾಗಿಲಾಗ ನಿಂತು ಬಾಯಿ ತೆರೆದು ನೋಡಾಕತ್ತಿದ್ರು. ನೋಡ್ತಿದ್ದದ್ದು ನನ್ನಲ್ಲ, ನನ್ನ ಹಿಂದ. ಹೊಳ್ಳಿ ನೋಡ್ದೆ. ಪೂರಾ ಹಿಂಡು ಬಂದು ಮೋಟಾರಿನ ಹಿಂದ ನಿಂತಿತ್ತು. ನನಗ ಬರ್ತಿದ್ದ ಕೂಗು ಅದೊಂದೇ, ನನ್ನ ಹಿಂದ ಬರ್ರಿ ಅನ್ನೋದು. ನನ್ನ ಮೋಟಾರು ಆಗ ಕುರಿ ನಡಿಗಿಗಿಂತ ಜೋರು ಓಡ್ತಿರಲಿಲ್ಲ. ಹಿಂದ ನೋಡಬೇಕಾಗಿದ್ದ ದಿನ ಒಂದೇ ಒಂದು, ಅವತ್ತೇ ನಾ ನೋಡಿರಲಿಲ್ಲ.

ಹಿಂಡಿನ ಕುರುಬ ಬೈಕೋತ ಓಡಿ ಬರೋದರಾಗ ಉಸ್ತಾದ್ ವಕೀಲ್ ಸಾಬ್ರಿಗೆ ಹೇಳಿದ್ರು: "ಬ್ಯಾರೇ ಮೋಟಾರು ಬಂದ್ರ ಹಿಂದ ಧೂಳು ಬರ್ತದ್ರಿ ಸಾಬ್. ಇವ ಬಂದ್ರ ಕುರಿ ಬರ್ತಾವ."

ಓಣಿಯೆಲ್ಲಾ ನಕ್ಕಿತು. ನಾ ಹಿಂಡಿನೊಳಗ ಇಳಿದು ಒಂದು ಕುರಿ ನೆತ್ತಿ ಮ್ಯಾಲ ಕೈ ಇಟ್ಟೆ. ನಮ್ಮದಲ್ಲ. ಆದ್ರೂ ಕೈ ತೆಗೀಲಿಕ್ಕೆ ಮನಸ್ಸಾಗಲಿಲ್ಲ, ಕಣ್ಣಾಗ ನೀರು ಬಂತು. ಉಸ್ತಾದ್ ಆ ಕುರುಬನಿಗೆ ಚಾ ಕುಡಿಸ್ಕೋತ ಮಾತಿಗೆ ಹಚ್ಚಿದ್ರು. ಅವನಿಗೆ ಚಾ ಬ್ಯಾಡಾಗಿತ್ತು, ನನಗ ಸ್ವಲ್ಪ ಹೊತ್ತು ಬೇಕಾಗಿತ್ತು. ಅದು ಅವರಿಗೆ ಗೊತ್ತಿತ್ತು.

ಟಗರಿನ ಗಂಟು

ವಕೀಲ್ ಸಾಬ್ರಿಗೆ ಸುರಪುರದ ಕೋರ್ಟಿನಾಗ ಒಂದು ಕೇಸಿತ್ತು. ಸುರಪುರದ ಏರು ಹತ್ತೋ ಮುಂದ ಬಾನೆಟ್ಟಿನ ಕೊಂಡಿ ಮುರಿದು, ಬಾನೆಟ್ ಎದ್ದು ಕಣ್ಣಿಗಿ ಅಡ್ಡ ನಿಂತಿತು. ಚಕ್ರಕ್ಕ ಕಲ್ಲು ಕೊಟ್ಟು ನಿಲ್ಲಿಸಿ, ನಾ ನೂತ ಉಣ್ಣಿ ನೂಲು ನಾಕು ಎಳಿ ಹೊಸೆದು ಬಾನೆಟ್ಟಿಗೆ ಟಗರು ಕಟ್ಟೋ ಗಂಟು ಹಾಕ್ದೆ. ಏರು ಹತ್ತಿ ಹೋದ್ವಿ.

ಮ್ಯಾಲ ಹೋಗಿ ವಕೀಲ್ ಸಾಬ್ರನ್ನ ಕೋರ್ಟಿನ ಮುಂದ ಇಳಿಸಿದ ಮ್ಯಾಲ ನೀರು ಹಾಕಬೇಕಂತ ಉಸ್ತಾದ್ ಗಂಟು ಬಿಚ್ಚಾಕ ಹೋದ್ರು. ಉಗುರು ಹಚ್ಚಿದ್ರು, ಹಲ್ಲು ಹಚ್ಚಿದ್ರು. ಇದ್ದ ಹಲ್ಲಿನಾಗ ಒಂದು ಅಳ್ಳಾಡಿತು, ಗಂಟು ಅಳ್ಳಾಡಲಿಲ್ಲ. ನಾ ಬಂದು ಗಂಟಿನ ಬಾಲ ಹಿಡಿದು ಒಮ್ಮಿ ಎಳದೆ, ಸರಕ್ಕನ ಬಿಚ್ಚಿತು. "ಟಗರು ಜಗ್ಗಿದಷ್ಟೂ ಬಿಗೀತದ್ರಿ. ಬಾಲ ಎಳದ್ರ ಬಿಡ್ತದ" ಅಂದೆ. ಉಸ್ತಾದರ ಮುಖ ಎಳೀ ಹುಡುಗನ ಮುಖ ಆತು. "ಇವತ್ತು ನೀ ಉಸ್ತಾದ್, ನಾ ಕುರುಬ. ಕಲಿಸು" ಅಂತ ಹತ್ತು ಸರ್ತಿ ಹಾಕಿಸಿ ಹತ್ತು ಸರ್ತಿ ಬಿಚ್ಚಿಸಿದ್ರು. ರೂಢಿ ಆಗಲಿ ಅಂತ ತಮ್ಮ ಮುಖ ಒರೆಸೋ ದಸ್ತಿಗೆ ಹಾಕಿದ್ರು, ನೀರಿನ ಚೀಲಕ್ಕ ಹಾಕಿದ್ರು. ಕಡೀಕ, ಸೀಟಿನ ಮ್ಯಾಲಿದ್ದ ವಕೀಲ್ ಸಾಬ್ರ ಕಾಗದದ ಬಸ್ತಾಕ್ಕೂ ಹಾಕಿ ಮರೆತುಬಿಟ್ರು. ಕೋರ್ಟಿನ ಜವಾನ ಬಂದು ಬಸ್ತಾ ಒಳಗ ಒಯ್ದ.

ಒಳಗ ಮುನಸೀಫರ ಮುಂದ ವಕೀಲ್ ಸಾಬ್ರು ಬೆವರು ಸುರಿಸಿದ್ರೂ ಬಸ್ತಾ ಬಿಚ್ಚಲಿಲ್ಲ. ಮುನಸೀಫರು ಸಿಟ್ಟಾಗಿ ಕೇಸು ಮುಂದಕ್ಕ ಹಾಕಿದ್ರು. ವಕೀಲ್ ಸಾಬ್ರು ಹೊರಗ ಬಂದು, "ಯಾರು ಕಟ್ಟಿದ್ದು ಇದನ್ನ?" ಅಂತ ಒದರಿದ್ರು. ನಾವಿಬ್ಬರೂ ಒಬ್ಬರ ಹಿಂದ ಒಬ್ಬರು ಅಡಗಾಕ ನೋಡಿದ್ವಿ.

"ಮುಂದಿನ ಸರ್ತಿನೂ ಹಿಂಗೇ ಕಟ್ರಿ. ನನ್ನ ಸಾಕ್ಷಿದಾರ ಬಂದಿರಲಿಲ್ಲ, ತಾರೀಖು ಹ್ಯಾಂಗ ಕೇಳಬೇಕಂತ ಚಿಂತಿ ಹತ್ತಿತ್ತು" ಅಂದ್ರು.

ಸಾಹೇಬರು ಬಂದ್ರು

ಶಿರವಾಳದ ಕಡಿ ಒಂದು ಊರಿನ ಚಾವಡಿ ಮುಂದ ಮೋಟಾರು ಬಂದ್ ಬಿತ್ತು. "ಇವತ್ತು ನಾ ಹಿಂದ ಸಾಹೇಬನಂಗ ಕುಂಡ್ರತೀನಿ, ನೀ ಒಬ್ಬನೇ ನಡೆಸು" ಅಂತ ಉಸ್ತಾದ್ ಶೇರವಾನಿ ತೊಟ್ಟು, ಕಣ್ಣಿಗೆ ಚಾಳೀಸು ಹಾಕ್ಕೊಂಡು ಹಿಂದ ಕುಂತಿದ್ರು. ಆ ದಿನಮಾನದಾಗ ಊರಿಗೆ ಮೋಟಾರು ಬಂತಂದ್ರ ಹೊಸ ಸರ್ಕಾರದ ಸಾಹೇಬರು ಬಂದಂಗೇ. ನಾ ಹ್ಯಾಂಡಲ್ ಹೊಡೆದು ಬೆವರೋದರಾಗ ಮಂದಿ ನೆರೆದು, ಉಸ್ತಾದರ ಕೈಯಾಗ ಅರ್ಜಿ ಇಡಾಕತ್ರು. ಒಬ್ಬನಿಗೆ ಹೊಲದ ತಕರಾರು, ಒಬ್ಬನಿಗೆ ಬಾವಿ ಬೇಕು.

"ಯಪ್ಪಾ, ಇವ್ರು ಸಾಹೇಬ್ರಲ್ರೋ, ಡ್ರೈವರ್!" ಅಂತ ನಾ ಒದರಿದೆ.

"ಡ್ರೈವರ್ ನೀನಲ್ಲೇನು? ಸುಮ್ನ ನಿನ್ನ ಕೆಲಸ ನೋಡು" ಅಂತ ಮಂದಿ ನನಗೇ ಗದರಿದ್ರು.

ಕಡೀಕ ಒಬ್ಬ ಮುದುಕಿ ಬಂದ್ಲು. ಯಾರ ಕೈಲೋ ಬರೆಸಿದ ಕಾಗದ. "ಗದ್ದಲದಾಗ ಹ್ವಾದ ನನ್ನ ಮಗ ಬಂದಿಲ್ರೀ ಯಪ್ಪಾ. ಸರ್ಕಾರ ಹುಡುಕಿ ಕೊಡಬೇಕ್ರಿ" ಅಂದ್ಲು. ಇಷ್ಟೊತ್ತು ನಗು ತಡಕೊಂಡು ಕುಂತಿದ್ದ ಉಸ್ತಾದ್ ಆ ಕಾಗದ ಎರಡೂ ಕೈಲೇ ಇಸಕೊಂಡ್ರು. "ಅಕ್ಕಾ, ಕೊಡ್ತೀನಿ. ಖಂಡಿತ ಮುಟ್ಟಸ್ತೀನಿ" ಅಂದ್ರು. ಹಾದಿ ತುಂಬ ಆ ಕಾಗದ ಕೈಯಾಗೇ ಹಿಡಕೊಂಡಿದ್ರು.

ಮರುದಿನ ಎಲ್ಲಾ ಅರ್ಜಿ ತಗೊಂಡು ತಹಶೀಲ್ ಕಚೇರಿಗೆ ಹೋದ್ರು. "ನೀ ಯಾರು?" ಅಂತ ಕಾರಕೂನ ಕೇಳಿದ. ಗಾಬರಿಯಾಗಿ, "ಸಾಹೇಬರ ಜವಾನ್ರಿ. ಸಾಹೇಬ್ರು ಹೊರಗ ಮೋಟಾರಿನಾಗ ಕುಂತಾರ" ಅಂದುಬಿಟ್ರು. ಕಾರಕೂನ ಕಿಟಕ್ಯಾಗಿಂದ ಹಣಿಕಿ ಹಾಕಿದ. ಸ್ಟೇರಿಂಗ್ ಮುಂದ ಕಂಬಳಿ ಹೊತ್ತು, ಕದರು ತಿರುವಿಕೋತ ನಾ ಕುಂತಿದ್ದೆ. "ಈ ಹೊಸ ರಾಜ್ಯದಾಗ ಸಾಹೇಬ್ರು ಯಾರೋ ಜವಾನ್ರು ಯಾರೋ ಒಂದೂ ತಿಳೀವಲ್ದು" ಅಂತ ಗೊಣಗಿ ಎಲ್ಲಾ ಅರ್ಜಿ ಇಸಕೊಂಡ.

ಆ ಅರ್ಜಿಯೊಳಗ ಉಸ್ತಾದರ ಸ್ವಂತದ್ದೂ ಒಂದಿತ್ತು. ಅದಕ್ಕ ಜವಾಬು ಬರಲಿಲ್ಲ.

ಎರಡು ಸರ್ತಿ ಪರೀಕ್ಷಾ

ವರ್ಷ ಒಂದೂವರಿ ಆತು. ಹತ್ತು ವರ್ಷ ಹಿಡೀತದ ಅಂದಿದ್ರಲ್ಲ, ಉಸ್ತಾದರ ಲೆಕ್ಕ ತಪ್ಪಿತು. ನನ್ನ ಕೈ ಕುಂತುಬಿಟ್ಟಿತ್ತು. ಲೈಸನ್ಸ್ ಪರೀಕ್ಷಾಕ್ಕ ಕಲಬುರ್ಗಿಗೆ ಕರಕೊಂಡು ಹೋದ್ರು. ಪಾಸಾದ್ರ ನನ್ನ ಮಕ್ಕಳಿಗೆ ರೊಟ್ಟಿ. ಪಾಸಾದ್ರ ಉಸ್ತಾದ್ ಊರು ಬಿಡಬೇಕು. ಹಾದಿ ತುಂಬ ಅದನ್ನೇ ವಿಚಾರ ಮಾಡಿ, ಕಡೀಕ ಇನ್‌ಸ್ಪೆಕ್ಟರ್ ಬಾಜೂಕ ಕುಂತಾಗ ಬೇಕಂತಲೇ ಮೂರು ಸರ್ತಿ ಕ್ಲಚ್ ಬಿಟ್ಟು ಮೋಟಾರು ಬಂದ್ ಮಾಡ್ದೆ.

"ಹೋಗು, ಕುರಿ ಕಾಯಿ" ಅಂದ ಇನ್‌ಸ್ಪೆಕ್ಟರ್.

"ಕುರಿ ಇದ್ರ ಇಲ್ಲಿಗ್ಯಾಕ ಬರ್ತಿದ್ದೆ ಸಾಹೇಬ್ರ?" ಅಂದೆ ನಾ.

ಉಸ್ತಾದ್ ಶಹಾಪುರಕ್ಕ ಬಂದು ಮನಿ ಮುಂದ ಇಳಿದು, "ನನ್ನ ಕೈಯಾಗ ಕಲಿತವರು ಒಬ್ಬರೂ ನಪಾಸಾಗಿರಲಿಲ್ಲ. ನಿನ್ನ ಕಾಲು ತಪ್ಪಿಲ್ಲ, ನಾ ನೋಡೀನಿ. ನನ್ನ ಮ್ಯಾಲ ಅಷ್ಟು ಮಾಯಾ ಇದ್ರ ನನ್ನ ಹೆಸರು ಉಳಿಸು" ಅಂದ್ರು. ನನಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು.

ಎರಡನೇ ಸರ್ತಿ ಹೋದಾಗ ಇನ್‌ಸ್ಪೆಕ್ಟರಿಗೆ ಊಟದ ಹೊತ್ತಾಗಿತ್ತು. "ನಡಿ, ನಮ್ಮ ಮನಿ ತನಕ ನಡೆಸು" ಅಂದ. ಮನಿ ಮುಂದ ಜೋಳದ ರೊಟ್ಟಿ ಬಡಿಯೋ ಸಪ್ಪಳ ಕೇಳಿ, "ಪಾಸ್" ಅಂತ ಇಳಿದು ಓಡಿದ. ರಿವರ್ಸ್ ಅವನೂ ಕೇಳಲಿಲ್ಲ; ಅಲ್ಲೀ ತನಕ ಹಿಂದ ತಗೊಳ್ಳೋದೆಲ್ಲಾ ಉಸ್ತಾದರೇ ಮಾಡ್ತಿದ್ರು. ನನ್ನ ಪಾಸು ಮಾಡಿದ್ದು ಉಸ್ತಾದರ ಪಾಠ ಅಲ್ರಿ, ಆ ತಾಯಿ ರೊಟ್ಟಿ.

ಯಾದಗಿರಿ ಸ್ಟೇಷನ್

ಉಸ್ತಾದ್ ಹೊರಡೋ ದಿನ ಬಂತು. ಯಾದಗಿರಿಯಾಗ ರೈಲು ಹತ್ತಿ ವಾಡಿಗೆ, ಅಲ್ಲಿಂದ ಹೈದರಾಬಾದಿಗೆ. ಒಂದು ತಗಡಿನ ಟ್ರಂಕು, ಒಂದು ಹಾಸಿಗಿ ಸುರುಳಿ. ಮನಿಗೆ ಕೀಲಿ ಹಾಕಿ, ಕೀಲಿಕೈ ನನಗ ಕೊಟ್ರು. ಬಾಜೂಕ ಕುಂತ್ರು, ನಾ ನಡೆಸಾಕತ್ತೆ. ಊರ ಹೊರಗ ಬರೋದರಾಗ ಅವರೇ ಎರಡು ಸರ್ತಿ ಹೊಳ್ಳಿ ಹಿಂದ ನೋಡಿದ್ರು. ಮೊಟಕಾಕ ನನಗ ಕೈ ಬರಲಿಲ್ಲ.

ಅರ್ಧ ಹಾದಿಯಾಗ ಒಂದು ಕೆರಿ. ನೀರು ಹಾಕ್ತೀನಿ ಅಂತ ಇಳಿದು ಬಾನೆಟ್ ಎತ್ತಿದೆ. ಈಗ ಹೇಳಾಕ ನಾಚಿಗಿ ಬರ್ತದ, ಆಗ ಬರಲಿಲ್ಲ. ಪೆಟ್ರೋಲ್ ಹೋಗೋ ರಬ್ಬರ್ ನಳಿ ಮಡಚಿ, ಉಣ್ಣಿ ನೂಲಿನಿಂದ ಬಿಗಿದು ಕಟ್ಟಿದೆ. ರೈಲು ತಪ್ಪಲಿ ಅಂತ. ಒಂದು ದಿನ ಉಳದ್ರ ಇನ್ನೊಂದು ದಿನ ಉಳದಾರು ಅಂತ ಆಸೆ.

ಎರಡು ಫರ್ಲಾಂಗು ಹೋಗಿ ಮೋಟಾರು ಕೆಮ್ಮಿ ನಿಂತಿತು.

"ಇನ್ನ ಆಗೂದಿಲ್ರಿ ಉಸ್ತಾದ್. ಯಾವದರೆ ಬಂಡಿ ಬಂದ್ರ ಕಟ್ಟಿಕೊಂಡು ಮನಿಗೆ ಹೋಗೋಣ್ರಿ" ಅಂದೆ. ನನ್ನ ದನಿಯಾಗ ಅಳು ಬೆರೆತಿತ್ತು, ಅದೊಂದು ಖರೇ ಇತ್ತು.

ಉಸ್ತಾದ್ ಇಳಿದ್ರು. ಪ್ರಯಾಣಕ್ಕಂತ ತೊಟ್ಟ ಬಿಳೀ ಅಂಗಿ ತೋಳು ಮಡಚಿ ಬಾನೆಟ್ಟಿನೊಳಗ ತಲಿ ಹಾಕಿದ್ರು. ಕೆಟ್ಟು ನಿಂತ ಮೋಟಾರು ಬಿಟ್ಟು ಹೋಗೋದು ಅವರ ಕೈಲಿ ಆಗೂದಿಲ್ಲ ಅನ್ನೋದು ನಾ ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಲಿ ಅಡಕಿ ಹಾಕ್ಕೊಳ್ಳೋವಷ್ಟು ಹೊತ್ತೂ ಹಿಡೀಲಿಲ್ಲ. "ಹ್ಯಾಂಡಲ್ ಹೊಡಿ" ಅಂದ್ರು. ಹೊಡೆದೆ. ಚಾಲೂ ಆತು.

"ಏನಾಗಿತ್ರಿ?" ಅಂತ ನೆಲ ನೋಡ್ಕೋತ ಕೇಳ್ದೆ.

"ಕಸ ಸಿಕ್ಕಿತ್ತು."

ಹೊಳಿ ದಾಟಿ ಯಾದಗಿರಿ ಮುಟ್ಟಿದ್ರ ಅವತ್ತು ರೈಲು ಎರಡು ತಾಸು ತಡ. ನಾ ಸುಮ್ಮಸುಮ್ಮನ ಪಾಪ ಕಟ್ಟಿಕೊಂಡಿದ್ದೆ. ಸ್ಟೇಷನ್ನಿನ ಕಟ್ಟಿಗಿ ಬಾಕಿನ ಮ್ಯಾಲ ಇಬ್ಬರೂ ಕುಂತ್ವಿ. ಟೈರಿನ ಗಾಳಿ, ಎಣ್ಣಿ, ಬ್ರೇಕು, ಎಲ್ಲಾ ಮೊದಲಿಂದ ಮತ್ತೊಮ್ಮಿ ಹೇಳಿದ್ರು. ನಾ ಹೂಂ ಅಂದೆ.

ರೈಲು ಬಂತು. ಹತ್ತಿಸಿದೆ. ಕಿಟಕ್ಯಾಗಿಂದ ಉಸ್ತಾದ್ ಮುಚ್ಚಿದ ಕೈ ಹೊರಗ ಚಾಚಿ ಬಿಚ್ಚಿದ್ರು. ಅಂಗೈಯಾಗ ಪೆಟ್ರೋಲ್ ವಾಸನೀ ಹೊಡೆಯೋ ಉಣ್ಣಿ ನೂಲು.

"ಇಡೀ ತಾಲೂಕಿನಾಗ ಮೋಟಾರಿಗೆ ಟಗರಿನ ಗಂಟು ಹಾಕೋ ಕಸ ಒಂದೇ ಅದ" ಅಂದ್ರು. "ಬಾಲ ಎಳದ್ರ ಬಿಡ್ತದ ಅಂತ ನೀನೇ ಕಲಿಸಿದಿ ಬೇಟಾ. ಕಲಿಸಬಾರದಿತ್ತು."

ನಾ ಕಿಟಕಿ ಸಳಿ ಹಿಡಿದು ಗಳಗಳ ಅತ್ತುಬಿಟ್ಟೆ. ಅವರೂ ಅತ್ರು. ಆ ನೂಲು ಜೇಬಿನಾಗ ಇಟ್ಟುಕೊಂಡು ಅಂದ್ರು: "ಅವ ಬಂದ್ರ ಬಾಗಿಲು ತೆಗೀ. ಮೊದಲ ಊಟಕ್ಕ ಹಾಕು. ಆಮ್ಯಾಲ ಇದೇ ಮೋಟಾರಿನಾಗ ಕುಂಡ್ರಿಸಿಕೊಂಡು ಇಲ್ಲಿಗೆ ಬಂದು ರೈಲು ಹತ್ತಸು. ಅದಕ್ಕಂತಲೇ ನಿನಗ ಇಷ್ಟು ಚಲೋ ಕಲಿಸೀನಿ."

ಅವ ಬರಲಿಲ್ರಿ. ಕೀಲಿಕೈ ಇನ್ನಾ ನನ್ನ ಹಂತ್ಯಾಕ ಅದ.

ರೈಲು ಹೋತು. ಮುಖ ಒರೆಸಿಕೊಂಡು ಹೊರಗ ಬಂದು, ಹ್ಯಾಂಡಲ್ ಹೊಡೆದು, ಸ್ಟೇರಿಂಗ್ ಮುಂದ ಕುಂತೆ. ಕುಂತ ಮ್ಯಾಲ ಕಂಡಿತು. ಬರೋ ಗಡಿಬಿಡಿಯೊಳಗ ಮೋಟಾರು ತಂದು ಗ್ವಾಡಿಗೆ ಮೂಗು ಹಚ್ಚಿ ನಿಲ್ಲಿಸಿದ್ದೆ. ಹಿಂದ ತಗೋಬೇಕು. ರಿವರ್ಸ್ ಕಡೀ ಪಾಠ. ಎರಡು ತಾಸು ಬಾಕಿನ ಮ್ಯಾಲ ಕುಂತು ಎಲ್ಲಾ ಹೇಳಿದ್ರು, ಅದೊಂದು ಹೇಳಲಿಲ್ಲ, ನಾ ಕೇಳಲಿಲ್ಲ.

ನಾಕು ಮಂದಿ ಹಮಾಲರನ್ನ ಕೈ ಮುಗಿದು ಕರೆದೆ. ಅವರು ಮುಂದಿಂದ ಮೋಟಾರಿಗೆ ಹೆಗಲು ಕೊಟ್ಟು ಹಿಂದಕ್ಕ ದಬ್ಬಾಕತ್ರು. ಕೊಳ್ಳಾಗ ಹೊಸ ಲೈಸನ್ಸಿನ ಚೀಲ ಹಾಕ್ಕೊಂಡು, ಎರಡೂ ಕೈಲೇ ಸ್ಟೇರಿಂಗ್ ಹಿಡಕೊಂಡು ನಾ ಕುಂತಿದ್ದೆ. ಒಬ್ಬ ಹಮಾಲ ತೇಕ್ಕೋತ ನನ್ನ ಮುಖ ನೋಡಿ ಕೇಳಿದ:

"ಅಲ್ಲೋ ಮಾರಾಯ, ಈ ಮೋಟಾರಿನ ಡ್ರೈವರ್ ಎಲ್ಲಿ ಹ್ವಾದ?"

"ಈಗ ಹ್ವಾದ ರೈಲಿನಾಗ ಹ್ವಾದ್ರು" ಅಂದೆ.